ದಾಸನ ಉಪವಾಸ

ಹೆಗ್ಗನಹಳ್ಳಿಯ ಹಳೇ ಊರಿನಲ್ಲಿ ಪಟಾಲಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಡೋರ್ ನಂಬರ್ ಹೇಳುತ್ತಿರಲಿಲ್ಲ. "ಶನಿವಾರ ಉಪವಾಸ ಮಾಡೋ ನಾಯಿ ಇದ್ಯಲ್ಲ, ಆ ಮನೆ" ಎಂದು ಕೈ ತೋರಿಸುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ, ನಾಯಿಯ ಹೆಸರಲ್ಲಿ ನಮ್ಮನ್ನು ಗುರುತಿಸುತ್ತಾರಲ್ಲ ಎಂದು ಮುಖ ಗಂಟಿಕ್ಕಿಕೊಳ್ಳುತ್ತಿದ್ದರೋ ಏನೋ. ಪಟಾಲಮ್ಮನಿಗೆ ಮಾತ್ರ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ.

ಅವಳ ಹಿಗ್ಗನ್ನು ನೋಡಿ ನಗುವುದು ಸುಲಭ. ಆದರೆ ಅದು ಎಲ್ಲಿಂದ ಬಂತು ಅಂತಲೂ ತಿಳಿದಿರಬೇಕಲ್ಲ. ತಾವರೆಕೆರೆ ಕಡೆಯಿಂದ ಮದುವೆಯಾಗಿ ಬಂದಾಗ ಅವಳಿಗೆ ಸೀರೆಯ ನೆರಿಗೆ ಹಿಡಿಯಲೂ ನೆಟ್ಟಗೆ ಬರುತ್ತಿರಲಿಲ್ಲ. ಆಗ ಇಲ್ಲೆಲ್ಲ ರಾಗಿ ಹೊಲ, ಅವರೆಸಾಲು, ಕನಕಾಂಬರದ ಮಡಿ. ಗಂಡ ದೊಡ್ಡಹನುಮಯ್ಯನ ಸಮಕ್ಕೆ ದುಡಿದಳು. ಹಸು ಕರು ಹಾಕಲು ಒದ್ದಾಡಿದರೆ ಪಟಾಲಮ್ಮನನ್ನು ಕರೆಯಿರಿ, ಬಾಣಂತಿಗೆ ಖಾರ ಅರೆಯಬೇಕಾದರೆ ಪಟಾಲಮ್ಮನನ್ನು ಕೇಳಿ, ಹೀಗೇ ನಡೆಯುತ್ತಿತ್ತು. ಆಮೇಲೆ ಹೊಲ ಸೈಟಾಯಿತು, ಸೈಟಿನ ಮೇಲೆ ಶೆಡ್ಡು ಬಂತು, ಶೆಡ್ಡಿನೊಳಗೆ ಲೇತ್ ಮೆಷಿನ್ನು ಗರಗರ ಅನ್ನತೊಡಗಿತು. ಕೊಟ್ಟಿಗೆ ಇದ್ದ ಜಾಗದಲ್ಲಿ ಮಗ ಕಾಂತರಾಜು ಮಹಡಿ ಮೇಲೆ ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟ. ಹಸುಗಳು ಹೋದವು, ಬಾಣಂತಿಯರು ಆಸ್ಪತ್ರೆಯಿಂದ ಸೀದಾ ಮನೆಗೆ ಬಂದು ಫೋನ್ ನೋಡಿಕೊಂಡು ಆರೈಕೆ ಮಾಡಿಕೊಂಡರು. ಪಟಾಲಮ್ಮನನ್ನು ಕೇಳಬೇಕಾದ್ದು ಟಿವಿ ರಿಮೋಟ್ ಎಲ್ಲಿದೆ ಅನ್ನುವುದಷ್ಟೇ ಉಳಿಯಿತು. ಸೊಸೆ ಕುಸುಮಾ ಒಳ್ಳೆಯವಳೇ, ಮಗನೂ ಒಳ್ಳೆಯವನೇ. ಆದರೂ ಬೇಕಾದವಳಾಗಿದ್ದು ಬೇಡದವಳಾಗುವುದು ಹೊಟ್ಟೆಯೊಳಗೆ ಚುರ್ ಅನ್ನುವ ಸಂಗತಿ, ಸುಳ್ಳೇಕೆ ಹೇಳಲಿ.

ಅಂಥ ಹೊತ್ತಿನಲ್ಲಿ ದಾಸ ಬಂದದ್ದು. ನೀರಿನ ಟ್ಯಾಂಕಿನ ಕೆಳಗೆ ಹುಟ್ಟಿದ ಬೀದಿನಾಯಿ ಮರಿ. ದೊಡ್ಡಹನುಮಯ್ಯ ಟವೆಲ್ಲಿನಲ್ಲಿ ಸುತ್ತಿಕೊಂಡು ತಂದ. ಕೆಂಚು ಮೈ, ಮೂಗಿನಿಂದ ಹಣೆಗೆ ನೆಟ್ಟಗೆ ಏರಿದ ಬಿಳಿ ಗೆರೆ. "ನೋಡಮ್ಮಿ, ಹುಟ್ಟುವಾಗ್ಲೇ ನಾಮ ಹಾಕ್ಕಂಡು ಬಂದವ್ನೆ" ಎಂದು ತಾನೇ ಹೆಸರಿಟ್ಟ. ಮರುವರ್ಷ ಯುಗಾದಿ ಕಳೆದ ಮೇಲೆ, ಎದೆ ಹಿಡಿದಂಗಾಯ್ತದೆ ಎಂದು ಜಗುಲಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ.

ಆ ವರ್ಷದ ಶ್ರಾವಣದಲ್ಲಿ ಆ ಸಂಗತಿ ಶುರುವಾಯಿತು. ಶ್ರಾವಣದ ಶನಿವಾರಗಳಲ್ಲಿ ಪಟಾಲಮ್ಮನದು ಕಟ್ಟುನಿಟ್ಟಾದ ಉಪವಾಸ. ಸಂಜೆ ತಿಮ್ಮಪ್ಪನ ಪಟದ ಮುಂದೆ ಬಾಳೆಲೆಯಲ್ಲಿ ತಳಿಗೆ ಹಾಕಿ, ದೀಪ ಹಚ್ಚಿ, ಗೋವಿಂದ ಅಂದ ಮೇಲೆಯೇ ಒಂದು ಹೊತ್ತಿನ ಊಟ. ನಾಯಿಗೆ ಯಾಕೆ ಉಪವಾಸ ಎಂದು ಬೆಳಿಗ್ಗೆ ಅದರ ತಟ್ಟೆಗೆ ಬರೀ ಮುದ್ದೆ ಹಾಕಿಟ್ಟಳು. ದಾಸ ಮೂಸಿ ನೋಡಿ ಹೋಗಿ ಮಲಗಿತು. ಸಂಜೆ ತಳಿಗೆಯ ಅನ್ನ ಇಟ್ಟ ಕೂಡಲೇ ಬಾಲ ಆಡಿಸಿಕೊಂಡು ತಿಂದಿತು. ಮುಂದಿನ ಶನಿವಾರವೂ ಹಾಗೇ. ಅದರ ಮುಂದಿನ ವಾರ ಪಟಾಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಯಜಮಾನ್ರು ಹೋದ್ರು, ಜತೇಲಿ ವ್ರತ ಮಾಡೋರಿಲ್ಲ ಅಂದ್ಕಂಡಿದ್ದೆ. ನನ್ ಜತೆಗೆ ಇವ್ನು ಅವ್ನೆ" ಅಂದಳು. ಬೀದಿಗೆ ಅಷ್ಟು ಸಾಕಾಯಿತು. ಹಣೆಗೆ ನಾಮ ಇಟ್ಟುಕೊಂಡು, ತಾಮ್ರದ ಗಿಂಡಿ ಹಿಡಿದು, ಗೋವಿಂದ ಗೋವಿಂದ ಎಂದು ಪಡಿ ಕೇಳಲು ಬರುವವರೂ ಮೊದಲು ದಾಸನ ಮುಂದೆ ನಿಂತು ಕೈ ಮುಗಿದು, ಆಮೇಲೆ ಮನೆಯ ಮುಂದೆ ನಿಲ್ಲುತ್ತಿದ್ದರು. ಎದುರುಮನೆ ಪಂಕಜಾ ಅಂತೂ, ತನ್ನ ಮನೆಯಲ್ಲೇ ರಾಣಿ ಎಂಬ ನಾಯಿ ಇದ್ದರೂ, ದಾಸನಿಗೆ ಶನಿವಾರ ಶನಿವಾರ ಚೆಂಡುಹೂವಿನ ಹಾರ ಕಟ್ಟಿ ತರುವಳು. ಆ ದಿನಗಳಲ್ಲಿ ಪಟಾಲಮ್ಮನ ನಡಿಗೆಯೇ ಬೇರೆ.

ಹೀಗೆ ವರ್ಷಗಳು ನಡೆದವು. ಈ ಸಲದ ಶ್ರಾವಣದಲ್ಲಿ, ಮೂರನೇ ಶನಿವಾರಕ್ಕೆ ಮುಂಚಿನ ಗುರುವಾರ, ದಾಸ ಮುದ್ದೆ ಸಾರು ಅರ್ಧ ಬಿಟ್ಟಿತು. ಶುಕ್ರವಾರ ತಟ್ಟೆಯ ಹತ್ತಿರವೇ ಬರಲಿಲ್ಲ. ಹಿತ್ತಲಲ್ಲಿ ಹಳೇ ಕೊಟ್ಟಿಗೆಯ ಕಲ್ಲುಗೋಡೆ ಒಂದು ಉಳಿದಿತ್ತು. ಅದರ ಬುಡದಲ್ಲಿ ಮೈ ಚೆಲ್ಲಿ ಮಲಗಿತ್ತು.

"ಅತ್ತೆ, ದಾಸ ಬೆಳಿಗ್ಗೆಯಿಂದ ಎದ್ದಿಲ್ಲ. ಹುಷಾರಿಲ್ವೇನೋ. ಒಂದ್ಸಲ ಡಾಕ್ಟರ್ ಹತ್ರ ತೋರಿಸೋಣ್ವಾ?" ಎಂದು ಕುಸುಮಾ ಕೇಳಿದಳು.

"ಸುಮ್ಕಿರಮ್ಮ. ಈ ಸಲ ಶುಕ್ರವಾರದಿಂದ್ಲೇ ಹಿಡ್ದವ್ನೆ. ವಯಸ್ಸಾಯ್ತಾ ಆಯ್ತಾ ಭಕ್ತಿ ಜಾಸ್ತಿ ಆಯ್ತದೆ. ಸೂಜಿ ಗೀಜಿ ಚುಚ್ಚಿಸಿ ವ್ರತ ಕೆಡಿಸ್ಬೇಡ" ಅಂದಳು ಪಟಾಲಮ್ಮ.

ಅಂದದ್ದಷ್ಟೇ ಅಲ್ಲ, ಹಾಲಿನ ಅಂಗಡಿಯಲ್ಲಿ, ಹೂವಿನವಳ ಹತ್ತಿರ, ಆಂಜನೇಯನ ಗುಡಿಯ ಕಟ್ಟೆಯ ಮೇಲೆ ಎಲ್ಲ ಕಡೆ ಹೇಳಿಕೊಂಡು ಬಂದಳು. ಶನಿವಾರ ಬೆಳಿಗ್ಗೆ ಜನ ಬಂದೇ ಬಂದರು. ಎರಡು ದಿನದ ಉಪವಾಸ ಅಂದರೆ ಸುಮ್ಮನೆಯೇ? ದಾಸ ಕಣ್ಣು ಮುಚ್ಚಿ ಬಿದ್ದುಕೊಂಡಿತ್ತು. "ಧ್ಯಾನ ಮಾಡ್ತಾ ಐತೆ" ಅಂದರು. ಪಂಕಜಾ ಹಾರ ಹಾಕಿದಳು. ಯಾರೋ ಅದರ ಕಾಲಿಗೆ ಹಣೆ ಮುಟ್ಟಿಸಿ, "ಅಯ್ಯಯ್ಯೋ, ಮೈ ಕೆಂಡ ಆಗೈತೆ" ಅಂದರು. ಪಟಾಲಮ್ಮ ಕಿವಿ ಮುಟ್ಟಿ ನೋಡಿದಳು. ಹೌದು, ಸುಡುತ್ತಿತ್ತು. "ಹೊಟ್ಟೆ ಖಾಲಿ ಇದ್ರೆ ಮೈ ಕಾಯ್ತದೆ, ನನಗೂ ಹಂಗೇ" ಅಂದಳು. ಆಹಾ, ಎಂಥ ಉತ್ತರ! ಎಷ್ಟೋ ಕರುಗಳ ಜ್ವರವನ್ನು ಅಂಗೈಯಲ್ಲೇ ಕಂಡುಹಿಡಿದ ಹೆಂಗಸು ಆಡಿದ ಮಾತು ಇದು. ಜನ ಸುತ್ತ ನಿಂತು ನೋಡುತ್ತಿರುವಾಗ ಅಂಗೈಗೂ ಮರೆವು ಬರುತ್ತದೆ.

ಮೇಲಿನ ಮನೆಯ ಬಾಡಿಗೆದಾರರು ಅನಂತಲಕ್ಷ್ಮಿ, ಸ್ಕೂಲ್ ಟೀಚರ್. ಶನಿವಾರ ಅವರಿಗೆ ಅರ್ಧ ದಿನ. ಮಧ್ಯಾಹ್ನ ಮನೆಗೆ ಬಂದವರು ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತು ದಾಸನನ್ನೇ ನೋಡಿದರು. "ಪಟಾಲಮ್ಮನೋರೆ, ತುಂಬ ಡಲ್ ಆಗಿದೆ ಅಲ್ವಾ ಇವತ್ತು?" ಅಂದರು. "ಉಪವಾಸ ಅಲ್ವ್ರಾ ಮಿಸ್ಸೇ, ಕುಣೀತದಾ?" ಎಂದು ಪಟಾಲಮ್ಮ ನಕ್ಕಳು. ಅವರು ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡು ಮೇಲೆ ಹೋದರು.

ಸಂಜೆ ತಳಿಗೆ ಆಯಿತು. ತುಪ್ಪ ಕಲೆಸಿದ ಅನ್ನವನ್ನು ತಟ್ಟೆಗೆ ಹಾಕಿ, "ಏಳಪ್ಪ, ಮುಗೀತು, ಉಣ್ಣು" ಅಂದಳು. ದಾಸ ತಲೆ ಎತ್ತಿ, ಬಾಲವನ್ನು ನೆಲಕ್ಕೆ ಒಂದು ಸಲ ಬಡಿದು, ಮುಖ ಆಚೆ ತಿರುಗಿಸಿತು. ತುತ್ತು ಮಾಡಿ ಬಾಯಿಗೆ ಹಿಡಿದಳು. ತುಟಿಯನ್ನೇ ಬಿಚ್ಚಲಿಲ್ಲ. ಆಗ ಮೊದಲ ಬಾರಿಗೆ ಅವಳಿಗೆ ಅಳುಕು ಹುಟ್ಟಿತು. ಆದರೂ ಬೆಳಿಗ್ಗೆ ತಿಂದಾನು ಅಂದುಕೊಂಡು ಮಲಗಿದಳು. ತನ್ನ ಪಾಲಿನ ಅನ್ನವೂ ಅವತ್ತು ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಅಂಗಳ ತೊಳೆಯಲು ಬಂದ ಕುಸುಮಾ ಕೂಗಿಕೊಂಡಳು. ದಾಸ ಗೋಡೆಗೆ ಒರಗಿಕೊಂಡು ನಿಂತು ಉಚ್ಚೆ ಹೊಯ್ದಿತ್ತು. ಸಿಮೆಂಟಿನ ಮೇಲೆ ಹರಿದದ್ದು ಕಾಫಿ ಡಿಕಾಕ್ಷನ್ನಿನ ಬಣ್ಣ. ಕಾಂತರಾಜು ಪೀಣ್ಯದಲ್ಲಿ ಶಿಫ್ಟಿಗೆ ಹೋಗಿದ್ದ. ಕುಸುಮಾ ಆಟೋ ತರಲು ಓಡಿದಳು. ಪಟಾಲಮ್ಮ ತನ್ನ ಹಳೇ ಸೀರೆಯಲ್ಲಿ ದಾಸನನ್ನು ಸುತ್ತಿ ಎತ್ತಿಕೊಳ್ಳುವಷ್ಟರಲ್ಲಿ ಅನಂತಲಕ್ಷ್ಮಿ ತಲೆ ಕೂಡ ಬಾಚದೆ ಕೆಳಗಿಳಿದು ಬಂದು, "ನಾನೂ ಬರ್ತೀನಿ" ಎಂದು ಆಟೋ ಹತ್ತಿಬಿಟ್ಟರು. ಇವರಿಗೆ ಯಾಕೆ ಇಷ್ಟು ಆತುರ ಎಂದು ಪಟಾಲಮ್ಮನಿಗೆ ಅನ್ನಿಸದೆ ಇರಲಿಲ್ಲ. ಸುಂಕದಕಟ್ಟೆ ದಾಟಿ, ಮಾಗಡಿ ರೋಡಿನ ಉದ್ದಕ್ಕೂ ಆ ಹೆಂಗಸು ದಾಸನ ಕಾಲು ಹಿಡಿದುಕೊಂಡು ಕೂತಿದ್ದರು.

ಮಾರೇನಹಳ್ಳಿಯ ಹತ್ತಿರದ ಆ ಕ್ಲಿನಿಕ್ಕಿನಲ್ಲಿ ಗಗನಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದಳು. ದಾಸನನ್ನು ಮೇಜಿನ ಮೇಲೆ ಮಲಗಿಸಿದರು.

"ಯಾವಾಗಿಂದ ಊಟ ಬಿಟ್ಟಿದೆ ಅಜ್ಜಿ?"

"ಬಿಟ್ಟಿಲ್ಲ ಕಣವ್ವ. ನಿನ್ನೆ ಶ್ರಾವಣ ಶನಿವಾರ ಅಲ್ವಾ, ಉಪವಾಸ ಇತ್ತು. ಪ್ರತಿ ವರ್ಷಾನೂ ಇರ್ತದೆ. ಇವತ್ತೇ ಯಾಕೋ ಹಿಂಗಾಗೈತೆ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. "ಅಂದ್ರೆ ಶನಿವಾರ ಇದು ಯಾವಾಗ್ಲೂ ತಿನ್ನಲ್ವಾ? ಸರಿಯಾಗಿ ಹೇಳಿ, ಟ್ರೀಟ್‌ಮೆಂಟಿಗೆ ಬೇಕಾಗುತ್ತೆ."

ಪಟಾಲಮ್ಮ ಹೌದು ಅನ್ನುವ ಮೊದಲೇ ಅನಂತಲಕ್ಷ್ಮಿ, "ತಿನ್ನುತ್ತೆ ಡಾಕ್ಟ್ರೇ" ಅಂದರು. "ಪ್ರತಿ ಶನಿವಾರ ತಿನ್ನುತ್ತೆ. ಬೆಳಿಗ್ಗೆ ಬರೀ ಮುದ್ದೆ ಅದಕ್ಕೆ ಸೇರಲ್ಲ. ಮಧ್ಯಾಹ್ನ ನಾನು ಸ್ಕೂಲಿಂದ ಬರೋದನ್ನೇ ಕಾಯ್ಕೊಂಡು ಟೆರೇಸಿಗೆ ಬರುತ್ತೆ. ಮೊಸರನ್ನ ಹಾಕ್ತೀನಿ. ನಿನ್ನೆ ಮೇಲೆ ಬರಲೇ ಇಲ್ಲ. ಇವರು ಗುಡಿಗೆ ಹೋಗಿದ್ದಾಗ ಕೆಳಗೇ ತಗೊಂಡೋಗಿ ಇಟ್ಟೆ. ಮೂಸಿಯೂ ನೋಡಲಿಲ್ಲ. ಗುರುವಾರದಿಂದ ಇದು ಸರಿಯಾಗಿ ಏನೂ ತಿಂದಿಲ್ಲ ಡಾಕ್ಟ್ರೇ."

ಪಟಾಲಮ್ಮ ಅವರ ಮುಖವನ್ನೇ ನೋಡಿದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಷ್ಟು ವರ್ಷದ ಹಾರ, ಕೈಮುಗಿತ, ಗೋವಿಂದ ಎಲ್ಲ ಒಂದು ತಟ್ಟೆ ಮೊಸರನ್ನಕ್ಕೆ ಇಳಿದುಹೋಯಿತಲ್ಲ ಅನ್ನಿಸಿತು. ಅದೂ ಹೋಗಲಿ. ನಿನ್ನೆ ಇಡೀ ದಿನ ಅದು ಸಾಯುತ್ತಿತ್ತು, ತಾನು ಪಕ್ಕದಲ್ಲಿ ಕೂತು ಜನರಿಗೆ ತೋರಿಸುತ್ತಿದ್ದೆ ಅನ್ನುವುದು ಆಮೇಲೆ ಹೊಳೆಯಿತು.

ಡಾಕ್ಟರಮ್ಮ ದಾಸನ ತುಟಿ ಎತ್ತಿ ತೋರಿಸಿದಳು. ಕೆಂಪಗಿರಬೇಕಾದ ವಸಡು ಸುಣ್ಣದ ಹಾಗೆ ಬೆಳ್ಳಗಿತ್ತು. ಕೊರಳಲ್ಲಿ ನಿನ್ನೆಯ ಬಾಡಿದ ಹಾರ ಹಾಗೇ ಇತ್ತು. ಕತ್ತರಿಸಿ ತೆಗೆದಾಗ ಅದರ ಅಡಿಯಲ್ಲಿ, ಕೂದಲ ಬುಡದಲ್ಲಿ, ರಕ್ತ ಕುಡಿದು ದಪ್ಪಗಾದ ಉಣ್ಣೆಗಳು ಸಾಲಾಗಿ ಕಚ್ಚಿಕೊಂಡಿದ್ದವು. ಕಿವಿಯೊಳಗೆ, ಬೆರಳಿನ ಸಂದಿಯಲ್ಲಿ ಇನ್ನಷ್ಟು.

"ಉಣ್ಣೆ ತಾನೇ?" ಅಂದಳು ಪಟಾಲಮ್ಮ. "ಹಸುಗಳ ಮೈಯಿಂದ ನಾನೇ ಕಿತ್ತು ಕಿತ್ತು ಒಲೆಗೆ ಹಾಕೋಳು. ಉಣ್ಣೆಯಿಂದ ಒಂದು ನಾಟಿ ಹಸ ಸತ್ತಿದ್ದು ಕಾಣೆ ನಾನು. ಇವ್ನ ಮೈದೂ ಕೀಳ್ತಿದ್ದೆ, ಈಗ ಕಣ್ಣು ಕಾಣಾಕಿಲ್ಲ ಅಂತ ಬಿಟ್ಟೆ."

"ಉಣ್ಣೆ ರಕ್ತ ಕುಡಿಯೋದಷ್ಟೇ ಅಲ್ಲ ಅಜ್ಜಿ. ಅದರ ಎಂಜಲಲ್ಲಿ ಒಂದು ಸಣ್ಣ ಜೀವಿ ಇರುತ್ತೆ, ಕಣ್ಣಿಗೆ ಕಾಣಲ್ಲ. ಅದು ನಾಯಿ ರಕ್ತಕ್ಕೆ ಸೇರ್ಕೊಂಡು, ಕೆಂಪು ರಕ್ತಕಣದ ಒಳಗೇ ಮರಿ ಮಾಡಿ, ಒಡೆದು ಆಚೆ ಬರುತ್ತೆ. ಉಚ್ಚೆ ಆ ಬಣ್ಣ ಬಂದಿರೋದು ಅದಕ್ಕೇ. ಟಿಕ್ ಫೀವರ್ ಅಂತೀವಿ. ಮೊದಲನೇ ಗುರುತು ಊಟ ಬಿಡೋದು."

ಮೊದಲನೇ ಗುರುತು ಊಟ ಬಿಡೋದು. ಪಟಾಲಮ್ಮ ಆ ಮಾತನ್ನು ಬಾಯೊಳಗೇ ಇನ್ನೊಮ್ಮೆ ಹೇಳಿಕೊಂಡಳು.

"ನಿನ್ನೆ ಕರ್ಕಬಂದಿದ್ರೆ ಉಳೀತಿತ್ತಾ ಮಗ? ನನ್ನ ಸಮಾಧಾನಕ್ಕೆ ಹೇಳ್ಬೇಡ."

ಡಾಕ್ಟರಮ್ಮ ಕತ್ತರಿಯನ್ನು ಕೆಳಗಿಟ್ಟಳು. "ಗ್ಯಾರಂಟಿ ಹೇಳಕ್ಕಾಗಲ್ಲ. ಆದ್ರೆ ಶುಕ್ರವಾರ ಬಂದಿದ್ರೆ ಚಾನ್ಸ್ ಜಾಸ್ತಿ ಇರ್ತಿತ್ತು. ಈಗ್ಲೂ ನೋಡೋಣ. ರಕ್ತ ಕೊಡಬೇಕು, ಇನ್ನೊಂದು ನಾಯಿದು."

ಸುದ್ದಿ ಕೇಳಿ ಕಾಂತರಾಜು ಶಿಫ್ಟ್ ಬಿಟ್ಟು ಬಂದ. ವಾಟ್ಸಾಪಿನಲ್ಲಿ ಅವರಿವರನ್ನು ಕಾಡಿ ಬೇಡಿ, ಬಸವೇಶ್ವರನಗರದಿಂದ ಒಂದು ದೊಡ್ಡ ಲ್ಯಾಬ್ರಡಾರನ್ನು ಕರೆತರಿಸಿದ. ತಾನು ಯಾರಿಗೆ ಕೊಡುತ್ತಿದ್ದೇನೆ ಅಂತಲೂ ಗೊತ್ತಿಲ್ಲದೆ ಅದು ಕುತ್ತಿಗೆ ಒಡ್ಡಿಕೊಂಡು ಮಲಗಿತು. ಪಟಾಲಮ್ಮ ಬೇಕರಿಯಿಂದ ಬನ್ನು ತರಿಸಿ ತನ್ನ ಕೈಯಾರೆ ಅದಕ್ಕೆ ತಿನ್ನಿಸಿದಳು. "ನಿನ್ನ ಹೊಟ್ಟೆ ತಣ್ಣಗಿರ್ಲಪ್ಪ" ಎಂದು ತಲೆ ಸವರಿದಳು.

ಸೋಮವಾರ ದಾಸ ಕಣ್ಣು ಬಿಟ್ಟು ನೋಡಿತು. ಬೆರಳಲ್ಲಿ ಅದ್ದಿಕೊಟ್ಟ ಗಂಜಿಯನ್ನು ನೆಕ್ಕಿತು. ಪಟಾಲಮ್ಮ ಮನೆಗೆ ಬಂದು ಕುಸುಮಾಳ ಕೈ ಹಿಡಿದುಕೊಂಡು, "ನೆಕ್ಕಿದ ಕಣಮ್ಮಿ, ಲೊಚಲೊಚ ಅಂತ ನೆಕ್ಕಿದ" ಎಂದು ಮಗುವಿನ ಹಾಗೆ ಹೇಳಿದಳು. ಮಂಗಳವಾರ ಬೆಳಿಗ್ಗೆ ಹೋದಾಗ ಅದರ ಕಣ್ಣಿನ ಬಿಳಿ ಅರಿಶಿನ ಬಣ್ಣಕ್ಕೆ ತಿರುಗಿತ್ತು. ಉಸಿರು ಬೇಗ ಬೇಗ ಬರುತ್ತಿತ್ತು. ಪಟಾಲಮ್ಮ ಸ್ಟೂಲಿನ ಮೇಲೆ ಕೂತು ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮಧ್ಯಾಹ್ನ ಊಟದ ಹೊತ್ತಿಗೆ ಉಸಿರು ನಿಂತಿತು. ಡ್ರಿಪ್ಪಿನ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು, ಡಾಕ್ಟರಮ್ಮ ಬಂದು ಅದನ್ನು ನಿಲ್ಲಿಸಿದಳು.

ಉಳಿದಿದ್ದ ಒಂದು ಖಾಲಿ ಸೈಟಿನ ಹೊಂಗೆಮರದ ಕೆಳಗೆ ಮಣ್ಣು ಮಾಡಿದರು. ಕಾಂತರಾಜು, ಕುಸುಮಾ ಹೊರಟ ಮೇಲೂ ಪಟಾಲಮ್ಮ ಕೂತೇ ಇದ್ದಳು. ಅನಂತಲಕ್ಷ್ಮಿ ಒಂದು ಮಾರು ದೂರದಲ್ಲಿ ನಿಂತಿದ್ದರು.

"ನೀವು ಶನಿವಾರಾನೇ ಹೇಳ್ಬೇಕಾಗಿತ್ತು ಮಿಸ್ಸೇ."

"ಹೇಳ್ಬೇಕಿತ್ತು. ಬಾಯಿವರೆಗೂ ಬಂದಿತ್ತು. ಅಷ್ಟು ಜನ ಬಂದು ಹೋಗಿದ್ರು, ನಿಮ್ಮ ಮುಖ ನೋಡಿದೆ, ಆಗಲಿಲ್ಲ." ಅವರು ಕಣ್ಣೊರೆಸಿಕೊಂಡರು. "ಹೇಳಿದ್ರೆ ನಂಬ್ತಿದ್ರಾ?"

ಪಟಾಲಮ್ಮ ಯೋಚಿಸಿದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಇಲ್ಲ. ಮನೆ ಖಾಲಿ ಮಾಡಿ ಅಂತಿದ್ದೆ" ಅಂದಳು. ಆಮೇಲೆ ಕೈ ಚಾಚಿದಳು, ಅನಂತಲಕ್ಷ್ಮಿ ಬಂದು ಎಬ್ಬಿಸಿದರು.

ಶ್ರಾವಣದ ಕಡೇ ಶನಿವಾರ ಬೆಳಗಾಗುವಷ್ಟರಲ್ಲಿ ಬೀದಿಯ ತುದಿಯಲ್ಲಿ ಒಂದು ಫ್ಲೆಕ್ಸ್ ನಿಂತಿತ್ತು. ನಡುವೆ ಹಾರ ಹಾಕಿದ ದಾಸನ ಫೋಟೋ. ಕೆಳಗೆ ಕೈ ಮುಗಿದುಕೊಂಡ ಬೀದಿಯ ಹುಡುಗರ ಮುಖಗಳು. 'ವ್ರತದಲ್ಲಿದ್ದಾಗಲೇ ವೈಕುಂಠ ಸೇರಿದ ನಮ್ಮ ದಾಸನಿಗೆ ಭಾವಪೂರ್ಣ ಶ್ರದ್ಧಾಂಜಲಿ.' ಪಟಾಲಮ್ಮನಿಗೆ ಅಕ್ಷರ ಬಾರದು, ಕುಸುಮಾ ಓದಿ ಹೇಳಿದಳು. ಪಟಾಲಮ್ಮ ಬಾಗಿಲಿಗೆ ಬಂದಳು. ಅಷ್ಟು ಹೊತ್ತಿಗೆ ಅಂಗಳದಲ್ಲಿ ಹೆಂಗಸರು ಸೇರಿದ್ದರು, ಫ್ಲೆಕ್ಸ್ ಕಟ್ಟಿದ ಯಶ್ವಂತ್ ಮತ್ತವನ ಗೆಳೆಯರೂ ನಿಂತಿದ್ದರು.

"ಅದನ್ನ ಬಿಚ್ಚಾಕ್ಬಿಡ್ರಪ್ಪ" ಅಂದಳು.

"ಯಾಕಮ್ಮ? ಸಖತ್ತಾಗಿ ಬಂದೈತೆ" ಅಂದ ಯಶ್ವಂತ್.

"ಅವ್ನು ಉಪವಾಸ ಇರ್ಲಿಲ್ಲ ಕಣ್ಲಾ. ಯಾವತ್ತೂ ಇರ್ಲಿಲ್ಲ. ಮಿಸ್ಸು ಮೊಸರನ್ನ ಹಾಕೋರು, ತಿಂತಿದ್ದ. ಹೋದ್ವಾರ ಅವ್ನಿಗೆ ಬಂದಿದ್ದು ಉಣ್ಣೆ ಜ್ವರ. ಹಸಿವೇ ಸತ್ತೋಗಿತ್ತು. ಅವ್ನು ಸಾಯ್ತಾ ಇದ್ದ, ನಾನು ಹಾರ ಹಾಕ್ಸಿ ಕೂರಿಸ್ಕಂಡಿದ್ದೆ. ನಾನೇ ಕೊಂದೆ ಅಂತ ಬರೀರಿ, ಬರೆಯೋದಾದ್ರೆ."

ಅಂಗಳದಲ್ಲಿ ಒಬ್ಬಳು ಪಕ್ಕದವಳಿಗೆ, "ಪಾಪ, ಸಂಕಟಕ್ಕೆ ಏನೇನೋ ಅಂತವ್ರೆ" ಅಂದಳು. ಇನ್ನೊಬ್ಬಳು ನೀರು ತಂದು ಕುಡಿಸಲು ಬಂದಳು. ಯಶ್ವಂತ್, "ಹಂಗನ್ಬೇಡಿ ಅಮ್ಮ, ದೇವರಂಥ ನಾಯಿ" ಎಂದು ತಲೆ ತಗ್ಗಿಸಿದ. ಒಬ್ಬರೂ ನಂಬಲಿಲ್ಲ. ಎಷ್ಟೋ ವರ್ಷ ಅವಳ ಬಾಯಿಂದಲೇ ಕೇಳಿದ್ದನ್ನು ಈಗ ಅವಳೇ ಅಲ್ಲ ಅಂದರೆ ಯಾರು ಬಿಟ್ಟುಕೊಡುತ್ತಾರೆ? ಪಟಾಲಮ್ಮ ಜಗುಲಿಯ ಮೇಲೆ ಕುಸಿದು ಕೂತಳು.

ಪಂಕಜಾ ಅವಳ ಪಕ್ಕ ಕೂತು ಬೆನ್ನು ಸವರಿದಳು. "ನೀವು ಏನಾದ್ರೂ ಅನ್ನಿ ಅಕ್ಕ, ದಾಸ ಎಲ್ಲೂ ಹೋಗಿಲ್ಲ. ನಮ್ಮನೆ ರಾಣಿ ಇದ್ದಾಳಲ್ಲ, ನಿನ್ನೆಯಿಂದ ಅವ್ಳೂ ಏನೂ ಮುಟ್ಟಿಲ್ಲ. ಹಾಲಿಟ್ರೂ ಒಲ್ಲೆ ಅಂತಾಳೆ. ದಾಸನ ವ್ರತ ಇವಳು ಹಿಡ್ದವ್ಳೆ ಅಂತ ಬೆಳಿಗ್ಗೆ ಹಾರ ಹಾಕಿ ಬಂದೆ."

ಪಟಾಲಮ್ಮ ಅವಳ ಮುಖ ನೋಡಿದಳು. ಮರುಗಳಿಗೆ ಎದ್ದು, ಹೆಂಗಸರನ್ನು ತಳ್ಳಿಕೊಂಡು, ಬರಿಗಾಲಲ್ಲಿ ಬೀದಿ ದಾಟಿದಳು. ಹೋಗುತ್ತಲೇ ಕತ್ತೆತ್ತಿ, "ಮಿಸ್ಸೇ, ಆಟೋ ಕರೀರಿ!" ಎಂದು ಮಹಡಿಗೆ ಕೂಗಿದಳು. ಪಂಕಜಾಳ ವರಾಂಡದ ಮೂಲೆಯಲ್ಲಿ ಗೋಣಿಚೀಲದ ಮೇಲೆ ರಾಣಿ ಮಲಗಿತ್ತು. ಪಟಾಲಮ್ಮ ಮಂಡಿಯೂರಿ, ಹಾರವನ್ನು ಕಿತ್ತೆಸೆದು, ಅದರ ತುಟಿ ಎತ್ತಿದಳು. ಕಣ್ಣು ಮಂಜಾಗಿದ್ದರಿಂದ ಮುಖವನ್ನು ಹತ್ತಿರ, ಇನ್ನೂ ಹತ್ತಿರ ತಂದು ನೋಡಿದಳು.

ಹಿಂದೆಯೇ ಓಡಿಬಂದ ಪಂಕಜಾ, "ಅಕ್ಕ, ಪೂಜೆ ಮಾಡಿರೋ ಹಾರ ಅದು!" ಅಂದಳು.

"ವ್ರತ ಅಲ್ಲ ಕಣೇ ಇದು. ನಿನ್ನ ಕಾಲಿಗೆ ಬೀಳ್ತೀನಿ, ಇವತ್ತಾದ್ರೂ ನನ್ನ ಮಾತು ನಂಬು."

ಪಂಕಜಾ ಚಪ್ಪಲಿ ಹುಡುಕಿ ಮೆಟ್ಟಿಕೊಳ್ಳುವಷ್ಟರಲ್ಲಿ ಪಟಾಲಮ್ಮ ರಾಣಿಯನ್ನು ಎದೆಗೆ ಅವಚಿಕೊಂಡು ಗೇಟು ದಾಟಿದ್ದಳು.